ಸಮುದ್ರಕ್ಕೆ ಹಾಕಿದ ಹಾಲಿನ ಕಡ್ಡಿ

ಅಫಜಲಪುರದವರು ಸಮುದ್ರ ನೋಡಬೇಕಾದರೆ ಮೊದಲು ಸೊಲ್ಲಾಪುರದ ಬಸ್ಸು ಹಿಡಿಯಬೇಕು, ಅಲ್ಲಿಂದ ರೈಲಿನಲ್ಲಿ ಕೂತು ಮುಂಬೈ ಮುಟ್ಟಬೇಕು. ಸಮುದ್ರವೇ ಅಫಜಲಪುರಕ್ಕೆ ಬರಬೇಕಾದರೆ ಇಷ್ಟೆಲ್ಲ ತ್ರಾಸು ಬೇಕಾಗಿಲ್ಲ. ಮುಂಬೈಯಲ್ಲಿ ಹೆಂಡತಿಗೊಬ್ಬ ಅಣ್ಣನಿದ್ದರೆ ಸಾಕು.

ತೊಂಬತ್ತರ ದಶಕದ ಮೊದಮೊದಲ ವರ್ಷಗಳ ಮಾತು. ನಾನು ಊರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೆಂಡತಿಯ ಅಣ್ಣ ಸಣ್ಣ ಮನೆಗೆ ಬಿಡಾರ ಬದಲಿಸುವಾಗ ತನ್ನ ಗಾಜಿನ ತೊಟ್ಟಿಯನ್ನು ತಂಗಿಗೆ ಕೊಟ್ಟ. ಅದರಲ್ಲಿ ಹವಳ ಹತ್ತಿದ ಕೆಲವು ಕಲ್ಲುಗಳಿದ್ದವು, ಹೂವಿನ ಹಾಗೆ ಅರಳಿ ಮುಚ್ಚುವ ಒಂದು ಪ್ರಾಣಿಯಿತ್ತು, ಆ ಹೂವಿನೊಳಗೇ ಸಂಸಾರ ಹೂಡಿದ್ದ ಎರಡು ಮೀನುಗಳಿದ್ದವು. ಕಿತ್ತಳೆ ಮೈ, ಬಿಳಿ ಪಟ್ಟೆ. ಸಮುದ್ರದ ನೀರಿಲ್ಲದೆ ಇವು ಯಾವುವೂ ಬದುಕುವುದಿಲ್ಲ. ಬೇಡವೆನ್ನಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಹೆಂಡತಿಯ ತವರಿನಿಂದ ಬಂದದ್ದನ್ನು ವಾಪಸು ಕಳಿಸಿ ಆಮೇಲೆ ಸುಖವಾಗಿ ಬಾಳಿದ ಗಂಡಸನ್ನು ನಾನಂತೂ ನಮ್ಮ ತಾಲೂಕಿನಲ್ಲಿ ಕಂಡಿಲ್ಲ.

ಅವ್ವನ ತಕರಾರು ಬೇರೆಯದಾಗಿತ್ತು. ನಮ್ಮದು ಲಿಂಗಪೂಜೆಯಾಗದೆ ಚಹಾ ಕೂಡ ಕುಡಿಯದ ಮನೆ. ಮೀನು ಎಂಬ ಶಬ್ದವೇ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ಇವು ತಿನ್ನುವ ಮೀನಲ್ಲ, ನೋಡುವ ಮೀನು ಎಂದು ತಿಳಿಸಿ ಹೇಳಿದೆ. ಹಾಗಾದರೆ ಅವು ಏನು ತಿನ್ನುತ್ತವೆ ಎಂದು ಕೇಳಿದಳು. ಡಬ್ಬಿಯೊಳಗಿನ ಪುಡಿ ತೋರಿಸಿದೆ. ಡಬ್ಬಿಯ ಮೇಲಿದ್ದ ಸಿಗಡಿಯ ಚಿತ್ರವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದೆ.

ತೊಟ್ಟಿಯ ನೀರಿನಲ್ಲಿ ಒಂದು ಪಾಲನ್ನು ವಾರಕ್ಕೊಮ್ಮೆ ತೆಗೆದು ಹೊಸ ಸಮುದ್ರ ಹಾಕಬೇಕು ಎಂಬುದು ಅಣ್ಣನ ಅಪ್ಪಣೆ. ಅದಕ್ಕೆಂದು ಒಂದು ಚೀಲ ಉಪ್ಪನ್ನೂ ಕೊಟ್ಟಿದ್ದ. ಅಡುಗೆಯ ಉಪ್ಪು ನಡೆಯುವುದಿಲ್ಲ, ಇದರಲ್ಲಿ ಸಮುದ್ರದ ಎಲ್ಲ ಕ್ಷಾರಗಳೂ ಕೂಡಿವೆ. ಇನ್ನು ನೀರು. ನಮ್ಮ ಬಾವಿಯದು ಬೇಳೆ ಬೇಯದಂಥ ಸವಳು. ಅಂದರೆ ಉಪ್ಪು ಮೊದಲೇ ಇದೆ, ಆದರೆ ಬೇಕಾದ ಉಪ್ಪಲ್ಲ. ಭೀಮಾ ನದಿಯ ನೀರಿನಲ್ಲಿ ಆಗ ನೀರಿಗಿಂತ ಮಣ್ಣು ಹೆಚ್ಚಿತ್ತು. ಕಡೆಗೆ ಹಿತ್ತಲಿನ ತಗಡಿನಿಂದ ಇಳಿದ ಮಳೆನೀರನ್ನು ಧೋತರದಲ್ಲಿ ಸೋಸಿ ಒಂದು ಡ್ರಮ್ಮು ತುಂಬಿಸಿದೆ. ಉಪ್ಪು ಹಾಕುವುದಕ್ಕೆಂದು ಉಪ್ಪಿಲ್ಲದ ನೀರು ಹುಡುಕುತ್ತಿರುವ ಮನುಷ್ಯನನ್ನು ಓಣಿಯವರು ಗೌರವದಿಂದಲೇ ನೋಡಿದರು. ಮಾಸ್ತರಿಕೆಗೆ ಅಷ್ಟು ಮರ್ಯಾದೆ ಇನ್ನೂ ಉಳಿದಿತ್ತು.

ಅಂಗಳದ ಬೇವಿನ ಗಿಡದ ನೆರಳಿನಲ್ಲಿ ಎರಡು ಡ್ರಮ್ಮುಗಳ ಪ್ರತಿಷ್ಠಾಪನೆಯಾಯಿತು. ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ತಯಾರಾಗಲಿರುವ ಸಮುದ್ರ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರು ಹಾಕಕೂಡದು. ಹಾಕಿದ ಮೇಲೆ ಒಂದು ಹಗಲಾದರೂ ನೀರು ಆಡುತ್ತಿರಬೇಕು. ಆಡಿಸಲು ಕರೆಂಟಿನ ಸಣ್ಣ ಪಂಪಿತ್ತು. ಕರೆಂಟು ಮಾತ್ರ ಇರಲಿಲ್ಲ. ಸಂತೆಯಿಂದ ಹೊಸ ಕಡಗೋಲು ತಂದು ಡ್ರಮ್ಮಿನ ಮುಂದೆ ಮಣೆ ಹಾಕಿಕೊಂಡು ಕಡೆಯಲು ಕೂತೆ. ಪುರಾಣದಲ್ಲಿ ಸಮುದ್ರ ಮೊದಲಿತ್ತು, ಮಥನ ಆಮೇಲೆ. ನಮ್ಮ ಮನೆಯಲ್ಲಿ ಮಥನ ಮೊದಲು, ಸಮುದ್ರ ಆಮೇಲೆ.

ಉಪ್ಪು ಹದಕ್ಕೆ ಬಂತೋ ಇಲ್ಲವೋ ತಿಳಿಯಲು ಅಣ್ಣ ಕೊಟ್ಟಿದ್ದ ಅಳತೆಯ ಗಾಜು ಬಸ್ಸಿನಲ್ಲೇ ಚೂರಾಗಿತ್ತು. ಆಗ ನನ್ನ ವಿಜ್ಞಾನ ಕೈಹಿಡಿಯಿತು. ಸಮುದ್ರದ ನೀರೂ ಒಳ್ಳೆಯ ಹಾಲೂ ತೂಕದಲ್ಲಿ ಹೆಚ್ಚುಕಡಿಮೆ ಒಂದೇ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇತ್ತು. ಊರವರು ಅದನ್ನು ಕಡ್ಡಿ ಎನ್ನುತ್ತಿದ್ದರು. ಹಾಲಿನಲ್ಲಿ ಬಿಟ್ಟರೆ ತೇಲಿ ಒಂದು ಗುರುತಿಗೆ ನಿಲ್ಲುತ್ತದೆ, ನೀರು ಬೆರೆಸಿದ್ದರೆ ಮುಳುಗಿ ಚಾಡಿ ಹೇಳುತ್ತದೆ. ಡೇರಿಯ ಸೆಕ್ರೆಟರಿ ಸಜ್ಜನರು, ಹೆಚ್ಚಿಗೆ ಇದ್ದ ಒಂದು ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಇಲ್ಲಿ ನಮಗೆ ಹಾಲು ಹಾಕುತ್ತಿದ್ದ ಚಿಗವ್ವನ ಸಂಗತಿ ಹೇಳಬೇಕು. ಸಂಬಂಧದಲ್ಲಿ ಚಿಗವ್ವನಲ್ಲ. ನನ್ನ ಮದುವೆಗಿಂತ ಮೊದಲಿನಿಂದ ಅವಳ ಎಮ್ಮೆಯ ಹಾಲೇ ನಮ್ಮ ಮನೆಗೆ. ಒಂದು ಕಾಲಕ್ಕೆ ಅವಳು ಡೇರಿಗೂ ಹಾಕುತ್ತಿದ್ದಳು. ಒಂದು ದಿನ ಕಡ್ಡಿ ಮುಳುಗಿತು, ಹಾಲಿನಲ್ಲಿ ನೀರಿದೆ ಎಂದಿತು. ಸೆಕ್ರೆಟರಿ ತಾವಾಗಿ ಯಾರನ್ನೂ ಕಳ್ಳರೆಂದವರಲ್ಲ, ಕಡ್ಡಿ ಅಂದದ್ದನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು ಅಷ್ಟೇ. ಚಿಗವ್ವ ಕ್ಯಾನಿನ ಹಾಲನ್ನಷ್ಟೂ ಡೇರಿಯ ಕಟ್ಟೆಯ ಮುಂದೆ ಸುರಿದು ಬಂದಳು. ಆಮೇಲೆ ಕಡ್ಡಿಯಿಲ್ಲದ ಮನೆಗಳಿಗೆ ಮಾತ್ರ ಹಾಲು. ಮೊದಲ ಮನೆ ನಮ್ಮದು. ಮಾಪು ಅಳೆದಾದ ಮೇಲೆ ಒಂದು ಗುಟುಕು ಕೊಸರು ಹಾಕುವುದು, ಅವ್ವ ಸಾಕು ಬೇ ಎನ್ನುವುದು, ಅವಳು ಇನ್ನಷ್ಟು ಹಾಕುವುದು, ಆಮೇಲೆ ಇಬ್ಬರೂ ಕೂತು ಊರಿನ ಯೋಗಕ್ಷೇಮ ವಿಚಾರಿಸುವುದು. ಅವ್ವನ ದಿನ ಶುರುವಾಗುತ್ತಿದ್ದದ್ದೇ ಹಾಗೆ.

ಆ ದಿನ ಅವಳು ಅಂಗಳಕ್ಕೆ ಬಂದಾಗ ಕಂಡ ನೋಟವನ್ನು ನ್ಯಾಯವಾಗಿ ವರ್ಣಿಸಬೇಕು. ಹೊಸದಾಗಿ ಉಪ್ಪು ಬಿದ್ದ ನೀರು ಕಲಕಿ ಬೆಳ್ಳಗಾಗಿರುತ್ತದೆ. ಅಂಥ ಬಿಳಿ ನೀರು ತುಂಬಿದ ಡ್ರಮ್ಮು, ಅದರಲ್ಲಿ ಕಡಗೋಲು, ಪಕ್ಕದಲ್ಲಿ ಉದ್ದನೆಯ ಗಾಜಿನ ಲೋಟ, ಲೋಟದಲ್ಲಿ ತೇಲುವ ಡೇರಿಯ ಕಡ್ಡಿ. ಅದರ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಬಾಗಿದ್ದ ಮಾಸ್ತರ. ಪ್ರಪಂಚದ ಯಾವ ಪಂಚಾಯಿತಿಯೂ ಇದಕ್ಕೆ ಎರಡನೆಯ ಅರ್ಥ ಹೇಳಲಾರದು.

ಚಿಗವ್ವ ಅವ್ವನ ಪಾತೇಲಿಗೆ ಮಾಪು ಹಾಲು ಅಳೆದು ಹಾಕಿದಳು. ಕೊಸರು ಹಾಕಲಿಲ್ಲ. ಅವ್ವನ ಕೈ ಪಾತೇಲಿ ಹಿಡಿದುಕೊಂಡು ಹಾಗೇ ಚಾಚಿತ್ತು. ಚಿಗವ್ವ ಕ್ಯಾನಿನ ಮುಚ್ಚಳ ಹಾಕಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಕರಿ ಚಹಾದ ಬಸಿಯನ್ನು ನನ್ನ ಮುಂದೆ ಇಟ್ಟು ಅವ್ವ ತೀರ್ಪು ಕೊಟ್ಟಳು. "ಎರಡು ಮೀನಿನ ಸಲುವಾಗಿ ಒಂದು ಎಮ್ಮಿ ಕಳಕೊಂಡಿ. ಸಾಲ್ಯಾಗ ಏನು ಕಲಿಸ್ತೀಯೋ ತಮ್ಮಾ ನೀ?"

ಬೇರೆ ಹಾಲು ತರಿಸೋಣ ಎಂದು ಹೆಂಡತಿ ಹೇಳಿ ನೋಡಿದಳು. ಅವ್ವನಿಗೆ ಬೇಕಾಗಿದ್ದದ್ದು ಹಾಲಲ್ಲ. ಅಷ್ಟು ವರ್ಷ ಹಾಲು ಕುಡಿದು, ಈಗ ಕಳ್ಳಿ ಎಂದ ಮನೆ ತನ್ನದಾಯಿತಲ್ಲ ಎಂಬುದು ಅವಳ ಎದೆಯಲ್ಲಿ ಕೂತಿತ್ತು. ನನ್ನನ್ನು ಕಳಿಸಿದಳು.

ಚಿಗವ್ವ ಸೆಗಣಿ ಬಾಚುತ್ತಿದ್ದಳು. ಮುಖ ಎತ್ತಲಿಲ್ಲ. ದಿನಾ ತಮ್ಮಾ ಎನ್ನುತ್ತಿದ್ದವಳು ಮಾಸ್ತರ್ರ ಎಂದಾಗಲೇ ಮೊಕದ್ದಮೆ ಎಷ್ಟು ಗಟ್ಟಿ ಇದೆಯೆಂದು ತಿಳಿಯಿತು. ಕಡ್ಡಿ ಹಾಲಿಗಲ್ಲ, ಮನೆಯಲ್ಲಿ ಸಮುದ್ರದ ನೀರು ಮಾಡುತ್ತಿದ್ದೇನೆ, ಅದಕ್ಕೆ ಎಂದು ಹೇಳಿದೆ. ಹೇಳುತ್ತಿರುವಾಗಲೇ ಅದು ಎಂಥ ಹುಚ್ಚು ಮಾತೆಂದು ನನ್ನ ಕಿವಿಗೂ ಬಿತ್ತು.

"ಅಫಜಲಪುರದಾಗ ಮಂದಿಗೆ ಕುಡಿಯಾಕ ನೀರಿಲ್ಲ. ನೀವು ಸಮುದ್ರ ಮಾಡಾಕತ್ತೀರಿ," ಎಂದಳು. ಸೆಗಣಿಯ ಬುಟ್ಟಿ ತುಂಬಿಸಿ, "ಸುಳ್ಳು ಹೇಳಿದ್ರ ಜರಾ ನಂಬೂವಂಥದ್ದು ಹೇಳ್ರಿ ಮಾಸ್ತರ್ರ," ಎಂದಳು.

ಬಂದು ನೋಡು ಎಂದೆ. ಮರುದಿನ ಮುಂಜಾನೆ ಬಂದಳು. ಕೈಯಲ್ಲಿದ್ದದ್ದು ಖಾಲಿ ಕ್ಯಾನು. ಬೇರೆ ಮನೆಗಳಿಗೆ ಹಾಲು ಹಾಕಿಯೇ ಬಂದಿದ್ದೇನೆ ಎಂಬುದಕ್ಕೆ ಅದು ಸಾಕ್ಷಿ. ಮೊದಲು ತೊಟ್ಟಿ ತೋರಿಸಿದೆ. ಹೂವಿನೊಳಗಿಂದ ಮೀನೊಂದು ಹೊರಬಂದು ಅವಳನ್ನು ನೋಡಿ ಒಳಗೆ ಹೋಯಿತು. ಅದರ ಅಭಿಪ್ರಾಯ ಅವಳಿಗೆ ಮುಖ್ಯವಾಗಿರಲಿಲ್ಲ. ಅಂಗಳಕ್ಕೆ ಬಂದು ಡ್ರಮ್ಮಿನ ಮುಂದೆ ನಿಂತಳು. ನೀರು ಈಗ ತಿಳಿಯಾಗಿತ್ತು. ಲೋಟಕ್ಕೆ ತುಂಬಿ ಕಡ್ಡಿ ಬಿಟ್ಟೆ. ತೇಲಾಡಿ ಹಾಲಿನ ಗುರುತಿಗೆ ಬಂದು ನಿಂತಿತು. ಅವಳು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು, ಪಕ್ಕಕ್ಕೆ ಉಗುಳಿದಳು. ಮತ್ತೆ ಕಡ್ಡಿಯನ್ನು ನೋಡಿದಳು.

"ಇದಕ್ಕೂ ಹಾಲು ಅಂತದೇನು ಇದು?"

ಹೌದು ಎಂದೆ. ಅವಳು ಕ್ಯಾನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಒಂದು ದಿನದ ಮಥನದಲ್ಲಿ ದೊಡ್ಡ ಭಾಗವೇ ಆ ಕ್ಯಾನಿಗೆ ಇಳಿಯಿತು.

ಡೇರಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ, ಆ ಮುಂಜಾನೆಯೇ, ಚಿಗವ್ವ ಮತ್ತೆ ಡೇರಿಯ ಸಾಲಿನಲ್ಲಿ ನಿಂತಳು. ನಾನು ಹಿಂದೆ ನಿಂತೆ, ಸಾಕ್ಷಿದಾರನ ಹಾಗೆ. ಅವಳ ಸರದಿ ಬಂದಾಗ ಸೆಕ್ರೆಟರಿ ಕ್ಯಾನಿನೊಳಗೆ ಇಣುಕಿ, ಇದು ನೀರಲ್ಲವೇ ಎಂದರು.

"ನೀವು ಅನಬ್ಯಾಡ್ರಿ ಸಾಹೇಬ್ರ. ಕಡ್ಡಿ ಅನ್ಲಿ."

ಸಾಲಿನವರೆಲ್ಲ ಮುಂದೆ ಬಂದರು. ಸೆಕ್ರೆಟರಿ ಕಡ್ಡಿ ಬಿಟ್ಟರು. ನಿಂತಿತು. ತೆಗೆದು ಒರೆಸಿ ಮತ್ತೆ ಬಿಟ್ಟರು. ಅಲ್ಲೇ ನಿಂತಿತು. ಓದಿ ಹೇಳಿರೆಂದು ಚಿಗವ್ವ ಕೇಳಿದಳು. ಅವರು ಪ್ರಾಮಾಣಿಕರು, ಹಾಲು ಎಂದು ಓದಿದರು. ದನಿ ಮಾತ್ರ ಹಿಂದಿನಷ್ಟು ದೊಡ್ಡದಿರಲಿಲ್ಲ.

"ಹಂಗಿದ್ರ ಚಾ ಮಾಡಿ ಕುಡೀರಿ," ಎಂದು ಚಿಗವ್ವ ಕ್ಯಾನನ್ನು ಕಟ್ಟೆಯ ಮುಂದೆ, ಹಿಂದೊಮ್ಮೆ ಹಾಲು ಸುರಿದ ಜಾಗದಲ್ಲೇ, ಬಗ್ಗಿಸಿದಳು. ಅಂದಿನಿಂದ ಸೆಕ್ರೆಟರಿ ಕಡ್ಡಿ ಬಿಡುವ ಮೊದಲು ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕುತ್ತಿದ್ದರು. ಸಾಲಿನಲ್ಲಿ ನಿಂತಿದ್ದ ಕೆಲವರು ಆ ಪ್ರಯೋಗದಿಂದ, ನೀರಿನ ಜೊತೆ ಉಪ್ಪೂ ಬೆರೆಸುವ ಬೇರೆ ಪಾಠವನ್ನೇ ಕಲಿತಿರಬಹುದೆಂಬ ಸಂಶಯ ಅವರಿಗೆ.

ಮರುದಿನ ಹೊತ್ತಿಗೆ ಸರಿಯಾಗಿ ನಮ್ಮ ಅಂಗಳದಲ್ಲಿ ಕ್ಯಾನಿನ ಸದ್ದಾಯಿತು. ಅವ್ವ ಪಾತೇಲಿ ತಂದಳು. ಚಿಗವ್ವ ಅಳೆಯಲಿಲ್ಲ, ನನ್ನ ಕಡೆ ನೋಡಿದಳು.

"ತಮ್ಮಾ, ಆ ಕಡ್ಡಿ ತಾ. ಇದಕ್ಕೂ ಹಾಕಿಬಿಡು."

ತಮ್ಮಾ ಎಂದದ್ದಕ್ಕೆ ಸಂತೋಷಪಡಲು ಹೊತ್ತಿರಲಿಲ್ಲ. ಕಡ್ಡಿ ಮುಳುಗಿದರೆ? ತೇಲಿದರೂ, ಸಮುದ್ರಕ್ಕೆ ಹಾಲೆಂದದ್ದರ ಸಾಕ್ಷಿಗೆ ಬೆಲೆಯೇನು? ನಾನು ಕಡ್ಡಿ ಕೈಯಲ್ಲಿ ಹಿಡಿದು ವಿಜ್ಞಾನದ ಪರವಾಗಿ ನಿಂತಿದ್ದೆ. ಅವ್ವ ಅದನ್ನು ಕಸಿದುಕೊಂಡು ಹೋಗಿ ಡ್ರಮ್ಮಿನೊಳಗೆ ಬಿಟ್ಟಳು.

"ಅದು ಸಮುದ್ರದ್ದು. ಹಾಲಿಗೆ ಹಾಕಬಾರದು. ಹಾಕು ಬೇ, ಚಾಕ್ಕ ಹೊತ್ತಾಗ್ಯದ," ಎಂದು ಪಾತೇಲಿ ಚಾಚಿದಳು.

ಚಿಗವ್ವ ಮಾಪು ಹಾಕಿದಳು. ಕೊಸರು ಹಾಕಿದಳು. ಅವ್ವ ಸಾಕು ಬೇ ಎಂದಳು. ಇನ್ನಷ್ಟು ಹಾಕಿದಳು.

ಆ ಹೊತ್ತಿನ ಚಹಾ ತುಸು ಉಪ್ಪಾಗಿತ್ತು. ಸಮುದ್ರ ಹೊತ್ತ ಕ್ಯಾನನ್ನು ಇನ್ನೊಮ್ಮೆ ತೊಳೆಯಬೇಕಾಗಿತ್ತೇನೋ. ನಾನು ಹೆಂಡತಿಯ ಮುಖ ನೋಡಿದೆ, ಹೆಂಡತಿ ಬಸಿಯೊಳಗೆ ನೋಡಿದಳು. ಅವ್ವ ಮಾತ್ರ ಕೊನೆಯ ಗುಟುಕಿನ ತನಕ ಕುಡಿದು, ಹಾಲು ಚಲೋ ಅದ ಎಂದು ಚಿಗವ್ವನಿಗೂ ಒಂದು ಬಸಿ ಬಗ್ಗಿಸಿದಳು. ಅವಳೂ ಕುಡಿದಳು.