ಅಶ್ವತ್ಥಪ್ಪ ಮೇಷ್ಟ್ರ ತಪಸಿ ಗಿಡ

ಅಶ್ವತ್ಥಪ್ಪ ಮೇಷ್ಟ್ರ ಬನಿಯನ್ನಿನ ಜೇಬಿನಲ್ಲಿ ಯಾವಾಗಲೂ ಒಂದು ಕತ್ತರಿ ಇರುತ್ತಿತ್ತು. ಮಾತಾಡಿಸಿದರೆ ಅದರ ಮೊನೆ ಸವರುತ್ತಾ ಗುರ್ ಎನ್ನುತ್ತಿದ್ದರು. ಎಂಬತ್ತರ ದಶಕದಲ್ಲಿ ಐದು ವರ್ಷ ಹಿಂದೂಪುರದಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಂಥ ಸಿಡುಕು ಮುದುಕನನ್ನು ಇನ್ನೆಲ್ಲೂ ಕಂಡಿಲ್ಲ. ನಲ್ಲಿ ತಿರುಗಿಸಿದರೆ ತಪ್ಪು, ಒಗ್ಗರಣೆ ಹಾಕಿದರೆ ತಪ್ಪು.

ಈ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರ ಪ್ರೀತಿಯೆಲ್ಲ ತಾರಸಿಯ ಕುಂಡದಲ್ಲಿದ್ದ ಮೊಳದುದ್ದದ ತಪಸಿ ಮರಕ್ಕೆ. ಪೆನುಕೊಂಡದ ಹಾಳುಗೋಡೆಯಿಂದ ಕಿತ್ತು ತಂದು, ಇಪ್ಪತ್ತು ವರ್ಷ ಕತ್ತರಿಸಿ ಕತ್ತರಿಸಿ ಬೋನ್ಸಾಯ್ ಮಾಡಿದ್ದರು. ಎಡಗಡೆಯ ಕೆಳರೆಂಬೆ ಮಾತ್ರ ಒಣಗಿಹೋಗಿತ್ತು. ಆ ಜಾಗದಲ್ಲಿ ಚಿಗುರೊಂದು ಒಡೆದಾಗ ಮುಟ್ಟದೆ ಬಿಟ್ಟರು. ಉದ್ದಕ್ಕೆ ಬೆಳೆದರೇನೇ ರೆಂಬೆಯ ಬುಡ ದಪ್ಪವಾಗುವುದಂತೆ, ಕತ್ತರಿ ಆಮೇಲೆ. ಅಷ್ಟರಲ್ಲಿ ಡಾಕ್ಟರು ಕಣ್ಣಿನ ನರ ಸೋತಿದೆ, ಇನ್ನು ಔಷಧಿಯಿಲ್ಲ ಎಂದಿದ್ದರು.

"ಕಣ್ ಹೋಗೋದ್ರಾಗೆ ಈ ರೆಂಬೆ ಒಂದು ದಪ್ಪಾಗಿದ್ದು ನೋಡ್ಬುಟ್ರೆ ಸಾಕು ಕಣಮ್ಮ" ಎಂದಿದ್ದರು. ಅಲ್ಲಿಯವರೆಗೆ ಅವರು ನನ್ನೊಡನೆ ಆಡಿದ ಮೆತ್ತಗಿನ ಮಾತು ಅದೊಂದೇ.

ತಂಗಿಯ ನಿಶ್ಚಿತಾರ್ಥದ ಹಿಂದಿನ ದಿನ ಆಫೀಸಿನಿಂದ ಬಂದು ನೋಡುತ್ತೇನೆ, ಅವಳ ಮುಡಿಗೆಂದು ಮೊಗ್ಗು ಕಾಯ್ದಿಟ್ಟಿದ್ದ, ತಾರಸಿಯ ನನ್ನ ಮಲ್ಲಿಗೆ ಬಳ್ಳಿ ಗೇಣುದ್ದದ ಮೋಟು! ತಪಸಿಗೆ ನೆರಳು ಬೀಳುತ್ತಿತ್ತಂತೆ.

"ಏಮಮ್ಮಾ, ಕತ್ತರ್ಸಿದ್ರೆ ಸಾಯ್ತದಾ? ಮತ್ತೆ ಬತ್ತದೆ, ಹೋಗು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುವಾರ ಅವರು ಕಲ್ಯಾಣದುರ್ಗದ ಮಗಳ ಮನೆಗೆ ಹೊರಟರು. ಗಿಡಕ್ಕೆ ನೀರು ಹಾಕಬೇಕೆಂದು ನನಗೇ ಅಪ್ಪಣೆ. ಹಾಕಿದೆ. ಆಮೇಲೆ ನನ್ನ ಬಟ್ಟೆ ಕತ್ತರಿ ತಂದು, ಎರಡು ವರ್ಷದ ಆ ರೆಂಬೆಯನ್ನು ಬುಡಕ್ಕೇ ಕತ್ತರಿಸಿ ಚರಂಡಿಗೆ ಎಸೆದೆ. ಮತ್ತೆ ಬರುತ್ತದಲ್ಲ, ಬರಲಿ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಅವರು ವಾಪಸಾದ ದಿನ ಜಗಳಕ್ಕೆ ಸೆರಗು ಸಿಕ್ಕಿಸಿಯೇ ನಿಂತಿದ್ದೆ. ಮೇಷ್ಟ್ರು ಕಾಂಡದ ಮೇಲೆ ಬೆರಳಾಡಿಸಿದರು. ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ. ಆಮೇಲೆ ಕುಂಡದ ಪಕ್ಕದಲ್ಲೇ ಕುಕ್ಕರಿಸಿಬಿಟ್ಟರು.

"ಹೊರಡೋ ದಿನ ಬಸ್ಸಿಗೆ ಹೊತ್ತಾಯ್ತು ಅಂತ ಆತುರಾತುರವಾಗಿ ಚಿಗುರು ತೆಗ್ದೆ ಕಣಮ್ಮ. ಕಣ್ ಕಾಣ್ದೆ ಇದ್ನೂ ಕತ್ತರ್ಸ್‌ಬುಟ್ಟಿದೀನಿ. ನನ್ ಕೈಯಾರೆ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮಲ್ಲಿಗೆ ನೆನಪಾಯಿತು. ಮುಚ್ಚಿಕೊಂಡೆ.

ಎರಡು ತಿಂಗಳಿಗೆ ಮಗಳು ಬಂದು ಅವರನ್ನು ಕಲ್ಯಾಣದುರ್ಗಕ್ಕೇ ಕರೆದುಕೊಂಡು ಹೋದಳು. ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಬಸ್ಸಿನ ಮೆಟ್ಟಿಲು ಸಿಗದೆ ಮೇಷ್ಟ್ರು ಕಾಲಿನಲ್ಲಿ ತಡಕಾಡುತ್ತಿದ್ದರು. ಕೈಹಿಡಿದು ಹತ್ತಿಸಿದೆ.

"ಯಾರಮ್ಮ ಇದು?" ಎಂದರು.

ನಾನು ಹೇಳಲಿಲ್ಲ.