ಮೊದಲ ಸಲದ ಬೇಡ

ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಎನ್ನಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ತೊಟ್ಟಿಲಲ್ಲೇ ಬಂದಿರುತ್ತದೆ. ಮಹಾಲಿಂಗಪುರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಇನ್ನೊಂದು ರೊಟ್ಟಿ ಬರುತ್ತಲೇ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಆ ಕೈಯನ್ನು ಲೆಕ್ಕಕ್ಕೇ ಹಿಡಿಯದೆ ರೊಟ್ಟಿ ಜಾರಿಸುತ್ತಾರೆ. ಮೊದಲ ಸಲಕ್ಕೇ ಹೂಂ ಅಂದವರನ್ನು, ಅವರು ಎದ್ದು ಹೋದ ಮೇಲೆ, “ಪಾಪ, ಭಾಳ ಹಸದಿದ್ರು ಕಾಣ್ತದ” ಎಂದು ನಗುವುದುಂಟು.

ಇಂಥ ಮನೆಯಲ್ಲಿ ಬೆಳೆದ ನಾನು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯ ಕೆಲಸ ಹುಡುಕಲು ಹೊರಟೆ. ನನ್ನ ಡಾಕ್ಟರೇಟು ಸವಳು ಮಣ್ಣಿನ ಮೇಲೆ. ಕಬ್ಬಿಗೆ ನೀರು ಕುಡಿಸಿ ಕುಡಿಸಿ ಹೊಳೆದಂಡೆಯ ಹೊಲಗಳಲ್ಲಿ ಉಪ್ಪು ಮೇಲೆದ್ದು ನೆಲ ಬೆಳ್ಳಗಾಗುತ್ತದಲ್ಲ, ಅದೇ. ಗಲಗಲಿಯ ಹೊಲಗಳ ಮಣ್ಣನ್ನು ವರ್ಷಗಟ್ಟಲೆ ಒಣಗಿಸಿ, ಜರಡಿ ಹಿಡಿದು ಪದವಿ ಪಡೆದೆ. ಈಗ ಮುಧೋಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಖರೆ ಅತಿಥಿಯೇ ನಾನು: ಪ್ರತಿ ವರ್ಷ ಎದ್ದು ಹೋಗಬೇಕು, ಮತ್ತೆ ಕರೆದರೆ ಬರಬೇಕು. ಅಲ್ಲಿ ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಕೋಣೆ. ಕಲಿತದ್ದೆಲ್ಲ ಮರೆತುಹೋಗುತ್ತಿದೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು.

ಅರ್ಜಿಗಳಿಗೆ ವಿಷಾದದ ಉತ್ತರಗಳು ಬರುತ್ತಿದ್ದವು. ಎಷ್ಟು ನಯವಾಗಿ ಇಲ್ಲ ಎನ್ನುತ್ತಾರೆ ಅವರು! ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು “ತಿಳಸ್ತೀವ್ರಿ” ಎಂದು ಹೋದ ಹಾಗೆ. ಆ ಭಾಷೆ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ್ದು ಅವರು ಹೂಂ ಅನ್ನುವ ಭಾಷೆ.

ಕೊನೆಗೊಮ್ಮೆ, ಸಮುದ್ರವನ್ನು ಹಿಂದೆ ತಳ್ಳಿ ಹೊಲ ಮಾಡಿಕೊಂಡ ದೇಶವೊಂದರಿಂದ, ವಿಡಿಯೊದಲ್ಲಿ ನನ್ನ ಸಂದರ್ಶನ ಮಾಡಿದ್ದ ಪ್ರಾಧ್ಯಾಪಕರು ಬರೆದರು. ಕೆಲಸ ನಿಮಗೇ ಕೊಡಬೇಕೆಂದಿದ್ದೇವೆ. ಆದರೆ ಎರಡೇ ವರ್ಷದ್ದು, ಅಷ್ಟು ದೂರ ಬರಬೇಕು, ನಿಮಗೆ ಬೇಕೇ? ಓದಿದವಳೇ ಉತ್ತರಿಸಿದೆ: ನನ್ನ ಸಲುವಾಗಿ ತಾವು ತೊಂದರೆ ತೆಗೆದುಕೊಳ್ಳಬೇಡಿ, ನನಗಿಂತ ಯೋಗ್ಯರಿದ್ದರೆ ಅವರಿಗೇ ಕೊಡಿ. ನಮ್ಮ ಲೆಕ್ಕದಲ್ಲಿ ಇದು ಒಪ್ಪಿಗೆ. ಇನ್ನೊಮ್ಮೆ ಕೇಳಲಿ, ಆಗ ಹೂಂ ಎಂದರಾಯಿತು ಎಂದು ಖುಷಿಯಿಂದ ಕಾಯುತ್ತ ಕೂತೆ.

ಮರುದಿನವೇ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ನೀವು ಹೇಳಿದಂತೆ ಮುಂದಿನ ಅಭ್ಯರ್ಥಿಗೆ ಕೊಟ್ಟಿದ್ದೇವೆ, ಶುಭವಾಗಲಿ.

ಅಣ್ಣನ ಹೆಂಡತಿ, ನಮ್ಮ ವೈನಿ, ಪಡಸಾಲೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದರು. ಹೇಳಿದೆ.

“ಒಂದ ಸಲ ಬ್ಯಾಡ ಅಂದ್ರ ಬಿಟ್ಟಬಿಟ್ರ? ಎಂಥಾ ಮಂದಿ ಬೇ ಅವರು?”

“ಅಲ್ಲಿ ಬ್ಯಾಡ ಅಂದ್ರ ಬ್ಯಾಡ ಅಂತನ, ವೈನಿ.”

ವೈನಿ ಪಲ್ಲೆಯನ್ನು ಬದಿಗೆ ಸರಿಸಿದರು. “ಹಂಗಾರ ಬೇಕ ಅಂತ ಬರಿ. ನಾಚಗಿ ಬಿಟ್ಟು ಬರಿ.”

ಬರೆದೆ. ಅಷ್ಟರಲ್ಲಿ ಆ ಇನ್ನೊಬ್ಬರು ಒಪ್ಪಿಯಾಗಿತ್ತು. ಅವರೂ ಎಲ್ಲಿಂದಲೋ ಹಸಿದೇ ಬಂದವರಿರಬೇಕು.

ಕೂತು ಅತ್ತುಬಿಟ್ಟೆ. ಯಾರ ಮೇಲಾದರೂ ಸಿಟ್ಟು ಬಂದಿದ್ದರೆ ದುಃಖ ಅರ್ಧ ಕಡಿಮೆಯಾಗುತ್ತಿತ್ತು. ಆ ಪ್ರಾಧ್ಯಾಪಕರ ಮೇಲೆ ಸಿಟ್ಟೂ ಬರಲೊಲ್ಲದು. ಅವರು ಮಾಡಿದ್ದಾದರೂ ಏನು? ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಮೊದಲ ಸಲಕ್ಕೇ ನಂಬಿದವರು ಅವರೊಬ್ಬರೇ.