ಶರಣಮ್ಮನನ್ನು ಒಂದನೆಯ ತರಗತಿಗೆ ಇಳಿಸಿದವರಿಗೆ

ನಮ್ಮ ಬೀದಿಯ ಶರಣಮ್ಮನನ್ನು ನಾಲ್ಕನೆಯ ತರಗತಿಯಿಂದ ಎಬ್ಬಿಸಿ ಒಂದನೆಯ ತರಗತಿಯಲ್ಲಿ ಕೂರಿಸಿದ್ದಾರೆ. ಹನ್ನೊಂದು ವರ್ಷದ ಹುಡುಗಿ. ನಪಾಸಾದವಳಲ್ಲ, ಕಳೆದ ಪರೀಕ್ಷೆಯಲ್ಲಿ ಮೊದಲನೆಯವಳು. ಅವಳ ಅಪರಾಧ ಒಂದೇ: ಇಷ್ಟು ದಿನ ಸರ್ಕಾರ ಹೇಳಿದ ಭಾಷೆಯಲ್ಲಿ ಓದಿದ್ದು.

ನಿಜಾಮರ ಆಳ್ವಿಕೆ ಮುಗಿಯಿತು, ಶಾಲೆಗೆ ಕನ್ನಡ ಬಂತು. ಸಂತೋಷ. (ಅದನ್ನು ಬೇಡಿದ ಅರ್ಜಿಯಲ್ಲಿ ನನ್ನ ಸಹಿಯೂ ಇದೆ, ಅಭಿಮಾನದ ಪಾಠ ನನಗೆ ಯಾರೂ ಹೇಳಬೇಕಾಗಿಲ್ಲ.) ಆದರೆ ಉರ್ದುವಿನಲ್ಲಿ ಕಲಿತ ಮಕ್ಕಳೆಲ್ಲ ಮತ್ತೆ ಅ ಆ ಇ ಈಯಿಂದ ತೊಡಗಬೇಕೆಂದು ಶಹಾಪುರದ ನಮ್ಮ ಶಾಲಾ ಕಮಿಟಿ ಚಹಾ ಆರುವುದರೊಳಗೆ ತೀರ್ಮಾನಿಸಿಬಿಟ್ಟಿತು. ಆ ಕಮಿಟಿಯಲ್ಲಿ ನಾನೂ ಒಬ್ಬ ಸದಸ್ಯ.

ಶರಣಮ್ಮನಿಗೆ ಕನ್ನಡ ಓದಲು ಬರುತ್ತದೆ. ಅಜ್ಜಿಗೆ ಪುರಾಣ ಓದಿ ಹೇಳಲೆಂದು ಮಠದಲ್ಲಿ ಕಲಿತಳು. ಕುರಿ ಹಿಂಡಿನೊಡನೆ ದೂರ ಹೋದ ಗಂಡಸರು ಬರೆಸಿ ಕಳಿಸುವ ಕಾಗದಗಳನ್ನು ಬೀದಿಯ ಹೆಂಗಸರು ಅವಳಿಂದಲೇ ಓದಿಸಿಕೊಳ್ಳುತ್ತಾರೆ. ಇದನ್ನು ಸಭೆಯಲ್ಲಿ ಹೇಳಿದೆ. ಒಂದು ಪುಟ ಓದಿಸಿ ನೋಡಿ ಎಂದೆ.

ಅಧ್ಯಕ್ಷರು ನಕ್ಕರು. "ಏನ್ರಿ ಕಾಕಾ, ಹುಡುಗ್ರನ್ನ ಕೇಳಿ ಸಾಲಿ ನಡಸಬೇಕೇನ್ರಿ? ನಾಳಿ ಕುರಿ ಕೇಳಿ ಉಣ್ಣೆ ಕತ್ತರಸ್ರಿ ಅಂತೀರಿ!"

ಹೆಡ್ಮಾಸ್ತರರು ದನಿಗೂಡಿಸಿದರು: "ದಾಖಲೆದಾಗ ಉರ್ದು ಅಂತ ಐತ್ರಿ. ನಾವು ಕಾಗದ ನೋಡಬೇಕೋ, ಹುಡುಗಿ ಬಾಯಿ ನೋಡಬೇಕೋ?"

ಆಗ ಯಾರು ಜೋರಾಗಿ ನಕ್ಕರು, ಯಾರು ತಲೆ ತಗ್ಗಿಸಿ ನಕ್ಕರು, ಎಲ್ಲವೂ ನನಗೆ ನೆನಪಿದೆ.

ಒಂಬತ್ತು ದಿನ ಅವಳು ಆರು ವರ್ಷದ ಮಕ್ಕಳ ನಡುವೆ ಮೊಳಕಾಲು ಮಡಚಿ ಕೂತಳು. "ಅಕ್ಕಾ, ನಿನಗ ಇನ್ನಾ ಬರಂಗಿಲ್ಲೇನು?" ಎಂದು ಆ ಚಿಕ್ಕವು ಕೇಳುತ್ತಿದ್ದವಂತೆ. ಹತ್ತನೆಯ ದಿನ ಶಾಲೆಗೆ ಹೋಗಲಿಲ್ಲ. ವಿಚಾರಿಸಲು ಅವರ ಮನೆಗೆ ಹೋದೆ. ತಂದೆ ನಾಗಪ್ಪ ಉಣ್ಣೆ ಹಿಂಜುತ್ತ ಕೂತಿದ್ದ.

"ಸಾಲಿ ಬಿಡಿಸೀನ್ರಿ ಕಾಕಾ. ನಾಕ್ ವರ್ಷ ನೀರಾಗ ಹೋದ್ವು. ಮತ್ತ ನಾಕ್ ವರ್ಷ ಅಂದ್ರ ದೊಡ್ಡಾಕಿ ಆಗ್ತಾಳ. ಸುರಪುರದಾಗ ಆಕಿ ಸೋದರಮಾವ ಅದಾನ, ಲಗ್ನಕ್ಕ ಮಾತು ಕೊಟ್ಟೀನಿ."

"ಆಕಿನ್ನ ಕೇಳಿಯೇನೋ?"

"ಆಕಿನ್ನೇನ್ ಕೇಳೋದ್ರಿ? ನಿಮ್ಮ ಕಮಿಟಿ ಕೇಳಿತೇನು?"

ಎದ್ದು ಹೊರಟೆ. ಬಾಗಿಲ ಮರೆಯಲ್ಲಿ ಶರಣಮ್ಮ ನಿಂತಿದ್ದಳು. ಅಳುತ್ತಿರಲಿಲ್ಲ.

"ಮುತ್ಯಾ, ಅವತ್ತು ನೀವರ ನನ್ನ ಒಳಗ ಕರೀಬೇಕಿತ್ತು. ನಾ ಸಾಲಿ ಕಟ್ಟಿ ಮ್ಯಾಲೇ ಕುಂತಿದ್ದೆ."

ನಿಜ. ಅವಳನ್ನು ದಾಟಿಕೊಂಡೇ ನಾನು ಸಭೆಗೆ ಹೋಗಿದ್ದೆ. ಅವಳ ಪರವಾಗಿ ನಾನು ಮಾತಾಡಿದರೆ ಸಾಕು ಎಂದುಕೊಂಡಿದ್ದೆ. ಅನ್ಯರ ತಪ್ಪುಗಳನ್ನು ಬರೆದಿಟ್ಟ ಮೇಲೆ ಇದನ್ನೂ ಬರೆಯದಿದ್ದರೆ ನ್ಯಾಯವಲ್ಲ.

ಬರುವ ಸೋಮವಾರ ಸುರಪುರದವರು ಬಂದು ಉಡಿ ತುಂಬಿ ಮದುವೆ ಗೊತ್ತುಮಾಡುತ್ತಾರೆ. ನಾಗಪ್ಪನ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲವನ್ನೂ ಮಾಡಿ ನೋಡಿದೆ. ಕೊಟ್ಟ ಮಾತು ಹಿಂದೆಗೆಯುವುದಿಲ್ಲ ಎನ್ನುತ್ತಾನೆ.

ಕಮಿಟಿಯ ಮಹನೀಯರೇ, ಅವಳ ಜೊತೆ ಇಳಿಸಿದ ಇನ್ನೂ ಮೂವರು ಹುಡುಗಿಯರು ಇಂದಿಗೂ ಆ ಚಿಕ್ಕ ಮಕ್ಕಳ ಸಾಲಿನಲ್ಲಿದ್ದಾರೆ: ಅವರ ಕೈಗೆ ಒಂದು ಪುಸ್ತಕ ಕೊಟ್ಟು ನೋಡುವಿರಾ, ಇಲ್ಲ ಅವರಿಗೂ ವರ ಗೊತ್ತಾಗಲೆಂದು ಕಾಯುವಿರಾ?